ನಾಲ್ಕು ಒಂಬತ್ತರ ಗಟ್ಟಿ

"ನಿಲ್ಸಿ! ತೆಗೀರಿ ಆ ಅರಾನ! ನಮ್ಮಪ್ಪನ ಎದೆ ಮೇಲೆ ಉಜ್ಜಿದ ಹಾಗಾಗ್ತಿದೆ ನನಗೆ!"

ದೊಡ್ಡಮ್ಮನ ಕೂಗಿಗೆ ಪ್ರಯೋಗಾಲಯದ ಗಾಜಿನ ಸೀಸೆಗಳೆಲ್ಲ ಒಮ್ಮೆ ಗಲಗಲ ಎಂದವು. ಆ ತಾಮ್ರದ ಕಾರ್ಖಾನೆಯ ಒಡತಿ ಆಕೆ. ಅದನ್ನು ಕಟ್ಟಿದವರ ಒಬ್ಬಳೇ ಮಗಳು. ಅರ ಹಿಡಿದಿದ್ದ ಪ್ರಯೋಗಾಲಯದ ಮುಖ್ಯಸ್ಥರು ಬಿಸಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ದಶಾಂಶ ಇಲ್ಲದೆ ಬಾಯಿ ತೆರೆಯದ ಅವರನ್ನು ಕಾರ್ಖಾನೆಯವರೆಲ್ಲ ಪಾಯಿಂಟ್ ಸಾಹೇಬರು ಎಂದೇ ಕರೆಯುತ್ತಿದ್ದರು.

ಪತ್ತೇದಾರಿಣಿ ಮಾತ್ರ ಮೇಜಿನ ಮೇಲಿದ್ದ ತಾಮ್ರದ ಗಟ್ಟಿಯಿಂದ ಕಣ್ಣು ಕೀಳಲಿಲ್ಲ.

"ಉಗುರಿನಗಲ ಜಾಗ ಸಾಕು ದೊಡ್ಡಮ್ಮ. ಒಬ್ಬನ ಜೀವದ ಪ್ರಶ್ನೆ. ಇಬ್ಬರದ್ದೇ ಆದ್ರೂ ಆಗಬಹುದು."

ದೊಡ್ಡಮ್ಮ ಮುಖ ಆಚೆ ತಿರುಗಿಸಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಪಾಯಿಂಟ್ ಸಾಹೇಬರು ಮತ್ತೆ ಅರ ಎಳೆದರು.

ದೊಡ್ಡ ಹಾಲ್ ಕಟ್ಟಿಸಿ ಕಾರ್ಖಾನೆಯನ್ನು ಹೊಸದು ಮಾಡಲು ಬಂದಿದ್ದ ಎಂಜಿನಿಯರ್ ಕಾಣೆಯಾಗಿದ್ದ, ಅವನ ಹೆಲ್ಮೆಟ್ಟು ಹಳೆ ಕುಲುಮೆಯ ಬೂದಿಗುಂಡಿಯಲ್ಲಿ ಸಿಕ್ಕಿತ್ತು, ಕುಲುಮೆಯ ಮೇಸ್ತ್ರಿ ಲಾಕಪ್ಪಿನಲ್ಲಿದ್ದರು. ಊರಿನ ಬಾಯಲ್ಲಿ ಮೇಸ್ತ್ರಿ ಆಗಲೇ ಕೊಲೆಗಾರ.

ಆದರೆ ಪತ್ತೇದಾರಿಣಿಗೆ ಆ ಬೆಳಿಗ್ಗೆ ಒಂದು ಸಣ್ಣ ಸಂಗತಿ ಸಿಕ್ಕಿತ್ತು. ಕಾಣೆಯಾಗುವ ಮುನ್ನ ಎಂಜಿನಿಯರ್ ದೊಡ್ಡಮ್ಮನ ಬಳಿ ಒಂದು ಬೀಗದ ಕೈ ಕೇಳಿ ಪಡೆದಿದ್ದ. ಕಚೇರಿಯ ಮುಂಬಾಗಿಲಿಗೆ ಎದುರಾಗಿದ್ದ ಗಾಜಿನ ಪೆಟ್ಟಿಗೆಯ ಕೈ. ಅದರೊಳಗೆ, ಕೆಂಪು ಬಟ್ಟೆಯ ಮೇಲೆ, ಈ ಕಾರ್ಖಾನೆಯಲ್ಲಿ ಮೊಟ್ಟಮೊದಲು ಎರಕ ಹೊಯ್ದ ಗಟ್ಟಿ ಎರಡು ತಲೆಮಾರಿನಿಂದ ಕೂತಿತ್ತು.

"ಗಟ್ಟಿ ಅಲ್ಲೇ ಇದೆಯಲ್ಲಮ್ಮ, ಯಾರೂ ಕದ್ದಿಲ್ಲ. ಮತ್ತೆ ಇದರ ಹಿಂದೆ ಯಾಕೆ ಬಿದ್ದಿದ್ದೀಯ?" ಎಂದು ಕೇಳಿದರು ಮಾವ.

ಮಾವ ಎಂದರೆ ಪತ್ತೇದಾರಿಣಿಯ ಗಂಡನ ತಂದೆ. ಬಸ್ಸು ಓಡಿಸಿ ನಿವೃತ್ತರಾದವರು. ಮನೆಯಲ್ಲಿ ಕೂತರೆ ಕಾಲು ಬ್ರೇಕು ಹುಡುಕುತ್ತದೆ ಎಂದು ಸೊಸೆಯ ಕಾರು ಓಡಿಸುವ ಕೆಲಸ ತಾವೇ ವಹಿಸಿಕೊಂಡಿದ್ದರು. ಕಾರಿನ ಜೊತೆಗೆ ಪತ್ತೇದಾರಿಕೆಯ ಅರ್ಧ ಪಾಲೂ ತಮ್ಮದೇ ಎಂಬುದು ಅವರ ನಂಬಿಕೆ.

"ಇದೆಯೋ ಇಲ್ವೋ ಅಂತ ನೋಡೋಣ ಇರಿ ಮಾವ."

ಪಾಯಿಂಟ್ ಸಾಹೇಬರು, ಲೋಹದಲ್ಲಿ ಏನೇನಿದೆ ಎಂದು ಹೇಳುವ ಕಿಡಿ ಯಂತ್ರದ ಮೂತಿಯನ್ನು ಅರ ಎಳೆದ ಜಾಗಕ್ಕೆ ಒತ್ತಿ ಹಿಡಿದರು. ಚಟಚಟ ಎಂದು ನೀಲಿ ಕಿಡಿ ಹಾರಿತು. ಪರದೆಯ ಮೇಲೆ ಅಂಕೆಗಳು ಮೂಡಿದವು. ಸಾಹೇಬರು ಕನ್ನಡಕ ಒರೆಸಿಕೊಂಡರು, ಮತ್ತೆ ಕಿಡಿ ಹಾರಿಸಿದರು. ಈ ಸಲ ಕನ್ನಡಕವನ್ನು ತೆಗೆದೇ ಇಟ್ಟರು.

"ನಾಲ್ಕು ಒಂಬತ್ತು."

"ಹಾಗಂದ್ರೆ?"

"ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಒಂಬತ್ತು. ನೂರಕ್ಕೆ ಕೂದಲೆಳೆ ಕಡಿಮೆ. ಚಿನ್ನ ಇಲ್ಲ. ಬೆಳ್ಳಿ ಹೆಸರಿಗಷ್ಟೇ."

ದೊಡ್ಡಮ್ಮನ ಮುಖ ಅರಳಿತು. "ನೋಡಿದ್ರಾ! ಯಂತ್ರ ಇಲ್ಲ, ಕರೆಂಟಿಲ್ಲ. ಆ ಕಾಲಕ್ಕೇ ನಮ್ಮಪ್ಪ ಅಷ್ಟು ಶುದ್ಧ ತಾಮ್ರ ತೆಗೆದಿದ್ರು. ಈಗಿನವರು ಕೋಟೆಯಂಥ ಹಾಲ್ ಕಟ್ಕೊಂಡು ಅದನ್ನೇ ಮಾಡ್ತಿದ್ದಾರೆ!"

ಪಾಯಿಂಟ್ ಸಾಹೇಬರು ನೆಲ ನೋಡುತ್ತಿದ್ದರು.

"ದೊಡ್ಡಮ್ಮ," ಎಂದಳು ಪತ್ತೇದಾರಿಣಿ ಮೆಲ್ಲಗೆ, "ನಿಮ್ಮ ತಂದೆಯವರು ತಾಮ್ರ ಹೇಗೆ ಶುದ್ಧ ಮಾಡ್ತಿದ್ರು? ನೀವು ಕಣ್ಣಾರೆ ಕಂಡೋರು, ನೀವೇ ಹೇಳಿ."

ದೊಡ್ಡಮ್ಮ ಹೇಳಿದರು. ಹೇಳುತ್ತ ಹೇಳುತ್ತ ಆಕೆ ಲಂಗ ಎತ್ತಿ ಹಿಡಿದು ಕುಲುಮೆಯ ಬಾಗಿಲಲ್ಲಿ ನಿಂತ ಹುಡುಗಿಯೇ ಆಗಿಬಿಟ್ಟರು. ಮೊದಲು ಇದ್ದದ್ದು ಒಂದು ಕುಲುಮೆ, ಒಂದು ತಿದಿ. ಕರಗಿದ ತಾಮ್ರದ ಮೇಲೆ ಗಾಳಿ ಊದಿದರೆ ಕಲ್ಮಷವೆಲ್ಲ ಕಿಟ್ಟವಾಗಿ ತೇಲಿ ಬರುತ್ತಿತ್ತು. ಉದ್ದ ಸಲಾಕೆಯಿಂದ ಅದನ್ನು ಬಳಿದು ತೆಗೆಯುತ್ತಿದ್ದರು. ಆಮೇಲೆ ಆಗ ತಾನೇ ಕಡಿದ ಹಸಿಮರದ ಕಂಬವನ್ನು ಕುದಿಯುವ ತಾಮ್ರದೊಳಗೆ ಮುಳುಗಿಸುತ್ತಿದ್ದರು. ಸೇರಿಕೊಂಡ ಗಾಳಿಯೆಲ್ಲ ಬುಸುಬುಸು ಎಂದು ಹೊರಗೆ ಬಂದು, ಮರದ ಹೊಗೆ ಊರಿಡೀ ತುಂಬುತ್ತಿತ್ತು. ತಿದಿ ಹೋಗಿ ಬ್ಲೋವರ್ ಬಂತು, ಇದ್ದಿಲು ಹೋಗಿ ಎಣ್ಣೆ ಬಂತು. ಕಂಬ ಮಾತ್ರ ಹೋದ ತಿಂಗಳ ತನಕ ಹಾಗೇ ಇತ್ತು.

"ಅಂದ್ರೆ ಬೆಂಕಿ," ಎಂದಳು ಪತ್ತೇದಾರಿಣಿ. "ಸಾಹೇಬ್ರೇ, ಬೆಂಕಿ ತಾಮ್ರದಿಂದ ಚಿನ್ನ ಬೆಳ್ಳಿ ತೆಗೆಯುತ್ತಾ?"

"ಸಾಧ್ಯವೇ ಇಲ್ಲ. ಬೆಂಕಿ ಹಗುರ ಕಲ್ಮಷ ಸುಡುತ್ತೆ. ಚಿನ್ನ, ಬೆಳ್ಳಿ ತಾಮ್ರದ ಹೊಟ್ಟೆಯಲ್ಲೇ ಉಳ್ಕೊಳ್ತವೆ. ಅವನ್ನ ಬೇರೆ ಮಾಡೋದು ಕರೆಂಟಿಗೆ ಮಾತ್ರ ಗೊತ್ತು. ಹೊಸ ಹಾಲ್‌ನ ತೊಟ್ಟಿಯಲ್ಲಿ, ಮೈಲುತುತ್ತದ ನೀಲಿ ನೀರಲ್ಲಿ, ಈ ತಗಡಿಂದ ಆ ತಗಡಿಗೆ ತಾಮ್ರ ಒಂದೇ ದಾಟಿ ಹೋಗುತ್ತೆ. ಚಿನ್ನ ಬೆಳ್ಳಿ ದಾಟಲಾರದೆ ತಳಕ್ಕೆ ಕಪ್ಪು ಕೆಸರಾಗಿ ಬೀಳ್ತವೆ."

"ಹಾಗಾದ್ರೆ ನಾಲ್ಕು ಒಂಬತ್ತಿನ ತಾಮ್ರ—"

"ಹೊಸ ಹಾಲ್‌ನದ್ದು," ಎಂದರು ಸಾಹೇಬರು. "ಪ್ರಾಯೋಗಿಕವಾಗಿ ಓಡಿಸಲು ಶುರುಮಾಡಿ ಆರು ತಿಂಗಳೂ ಆಗಿಲ್ಲ."

ದೊಡ್ಡಮ್ಮ ಕುರ್ಚಿಯಲ್ಲಿ ಕುಸಿದರು. ಮೇಜಿನ ಮೇಲಿದ್ದ ಗಟ್ಟಿಯನ್ನು ನೋಡಿದ ಅವರ ಕಣ್ಣಲ್ಲಿ, ಇಷ್ಟು ದಿನ ಮನೆಯವನೆಂದು ಅನ್ನ ಹಾಕಿದವನು ಯಾರೋ ದಾರಿಹೋಕ ಎಂದು ತಿಳಿದಾಗಿನ ಅಸಹ್ಯವಿತ್ತು.

"ಶುದ್ಧವಾಗಿರೋದೇ ಇದರ ತಪ್ಪು," ಎಂದಳು ಪತ್ತೇದಾರಿಣಿ. "ಇದು ನಕಲಿ."

ಹೊರಗೆ ವಾದ್ಯದವರು ಶ್ರುತಿ ಕೂಡಿಸಿಕೊಳ್ಳುತ್ತಿದ್ದರು. ಆ ಮಧ್ಯಾಹ್ನವೇ ಹೊಸ ಹಾಲ್‌ನ ಉದ್ಘಾಟನೆ. ಅಂಗಳದ ತುಂಬ ಕುರ್ಚಿಗಳು, ಕಾರುಗಳು, ಇಸ್ತ್ರಿ ಮಾಡಿದ ಸಮವಸ್ತ್ರಗಳು.

"ತಾಮ್ರದ ಗಟ್ಟಿ ಕದ್ದು ಯಾರಮ್ಮ ಉದ್ಧಾರ ಆಗ್ತಾರೆ?" ಎಂದರು ಮಾವ. "ಅದೇನು ಕಿರೀಟವಾ?"

"ಅದು ಸಾಕ್ಷಿ ಮಾವ. ಸಾಹೇಬ್ರೇ, ಪ್ರಯೋಗಕ್ಕೆ ಅಂತ ಹೊಸ ತೊಟ್ಟಿಗಳಿಗೆ ಯಾವ ತಾಮ್ರ ಹಾಕ್ತಿದ್ದೀರಿ?"

"ಹಿಂದಿನ ಗೋಡೌನಿನದ್ದು. ದೊಡ್ಡ ಯಜಮಾನರ ಕಾಲದ ಗಟ್ಟಿಗಳು ರಾಶಿ ಬಿದ್ದಿದ್ವು."

"ಅದರ ಕೆಸರಲ್ಲಿ ಚಿನ್ನ ಎಷ್ಟು ಸಿಕ್ತು?"

"ತೀರಾ ಕಡಿಮೆ. ಆ ಕಾಲದ ಅದಿರಲ್ಲಿ ಅಷ್ಟೇ ಇತ್ತೇನೋ ಅಂತ..." ಅಲ್ಲಿಗೆ ಸಾಹೇಬರ ಮಾತು ನಿಂತಿತು. ಅವರ ಕಿವಿ ಕೆಂಪಾದವು.

"ಎಷ್ಟಿತ್ತು ಅಂತ ನಿಮಗೆ ಹೇಗೆ ಗೊತ್ತು? ರಾಶಿಯೆಲ್ಲ ಕರಗಿ ಹೋಯ್ತು. ಉಳಿದದ್ದು ಗಾಜಿನ ಪೆಟ್ಟಿಗೆಯಲ್ಲಿದ್ದ ಇದರ ಅಣ್ಣ, ಅಸಲಿ ಗಟ್ಟಿ ಒಂದೇ. ಅದನ್ನ ಪರೀಕ್ಷೆ ಮಾಡಿದ್ರೆ, ಕೆಸರಲ್ಲಿ ಎಷ್ಟು ಚಿನ್ನ ಇರಬೇಕಿತ್ತು, ಎಷ್ಟು ಮಾಯ ಆಗಿದೆ, ಎಲ್ಲ ಗೊತ್ತಾಗುತ್ತೆ. ಎಂಜಿನಿಯರ್‌ಗೆ ಆ ಅನುಮಾನ ಬಂದಿತ್ತು."

"ನಾನಲ್ಲ!" ಸಾಹೇಬರು ತಟ್ಟನೆ ಕೂಗಿದರು. "ಕೆಸರಿನ ಕೋಣೆಗೆ ಹೋಗೋದು ನಾನೊಬ್ಬನೇ ಅಲ್ಲ!"

ಮಾವ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ."

"ಇಲ್ಲ ಮಾವ. ನಕಲಿ ಮಾಡೋಕೆ ಶುದ್ಧ ತಾಮ್ರ ಹಾಕಿದ್ರೆ ಸಿಕ್ಕಿಬೀಳ್ತೀನಿ ಅಂತ ಸಾಹೇಬ್ರಿಗೆ ನಿದ್ದೆಯಲ್ಲೂ ಗೊತ್ತು."

"ಗೊತ್ತಿದ್ದವನೇ ಗೊತ್ತಿಲ್ಲದವನ ಹಾಗೆ ಮಾಡಬಾರದಾ?"

ಪತ್ತೇದಾರಿಣಿ ಮಾವನತ್ತ ಹೊರಳಿ ನೋಡಿದಳು. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಜೀಪಿನ ಹಾರನ್ ಕೇಳಿಸಿತು. ಸ್ಥಳ ಮಹಜರಿಗೆಂದು ಇನ್ಸ್‌ಪೆಕ್ಟರ್ ಮೇಸ್ತ್ರಿಯನ್ನು ಕರೆತಂದಿದ್ದ. ಎರಡು ದಿನ ಠಾಣೆಯ ಮೆಟ್ಟಿಲು ಸವೆಸಿ ಈ ಮಹಜರಿಗೆ ಅವನನ್ನು ಒಪ್ಪಿಸಿದ್ದವಳು ಪತ್ತೇದಾರಿಣಿಯೇ. ಆಕೆ ಗಟ್ಟಿಯನ್ನು ಚೀಲಕ್ಕೆ ಹಾಕಿ ಎದೆಗವಚಿಕೊಂಡು ಓಡಿದಳು. ಹಿಂದೆ ಮಾವ. ಅವರ ಹಿಂದೆ, ಕಿಡಿ ಯಂತ್ರದ ಗಾಡಿಯನ್ನು ಗಡಗಡ ತಳ್ಳುತ್ತ ಪಾಯಿಂಟ್ ಸಾಹೇಬರು. ದೊಡ್ಡಮ್ಮ ಅತಿಥಿಗಳನ್ನು ಎದುರುಗೊಳ್ಳಬೇಕಾಗಿತ್ತು. ಆದರೂ ಕಿಟಕಿಯ ಬಳಿ ನಿಂತು ಇವರು ಅಂಗಳ ದಾಟುವವರೆಗೂ ನೋಡುತ್ತಲೇ ಇದ್ದರು.

ಹಳೆ ಕುಲುಮೆಯ ಶೆಡ್ಡಿನೊಳಗೆ ತಣ್ಣನೆಯ ಮಸಿಯ ವಾಸನೆ. ಬಾಯಿ ತೆರೆದು ಮಲಗಿದ ಆನೆಯಂತೆ ನಡುವೆ ಕುಲುಮೆ. ಗೋಡೆಗೆ ಒರಗಿಸಿದ್ದ ಹಸಿಮರದ ಕಂಬಗಳು ಒಣಗಿ ಸೀಳಿದ್ದವು.

"ನನಗೆ ಈ ಮಸಿ ಆಗಲ್ಲಮ್ಮ. ಸೀನು ಶುರುವಾದ್ರೆ ಮಹಜರೆಲ್ಲ ಹಾರಿ ಹೋಗುತ್ತೆ," ಎಂದು ಮಾವ ಬಾಗಿಲ ಹೊರಗಿದ್ದ ಕಲ್ಲುಬೆಂಚಿನ ಮೇಲೆ ಕೂತರು.

ಒಳಗೆ ಮೇಸ್ತ್ರಿ ನಿಂತಿದ್ದರು. ಲಾಕಪ್ಪಿನಲ್ಲಿ ಬೆಳೆದ ಗಡ್ಡ ಮುಖವನ್ನೆಲ್ಲ ಬೆಳ್ಳಗೆ ಮಾಡಿತ್ತು. ಅವರೆದುರು ಅವರ ಮಗಳು. ಹೊಸ ಹಾಲ್‌ನಲ್ಲಿ ತಲೆಯ ಮೇಲೆ ಓಡುವ ಕ್ರೇನು ನಡೆಸುವ ಅವಳನ್ನು ಎಲ್ಲರೂ ಕ್ರೇನಮ್ಮ ಎನ್ನುತ್ತಿದ್ದರು. ಅಪ್ಪನ ಕುಲುಮೆಗೆ ಬೀಗ ಹಾಕಿಸಲಿದ್ದ ಹಾಲ್‌ನಲ್ಲೇ ಮಗಳು ಕೆಲಸಕ್ಕೆ ಸೇರಿದಳೆಂದು ಇಬ್ಬರ ನಡುವೆ ಮಾತು ನಿಂತಿತ್ತು. ಆದರೂ ಅಪ್ಪ ನಿರಪರಾಧಿ ಎಂದು ಪತ್ತೇದಾರಿಣಿಯ ಮನೆ ಬಾಗಿಲು ತಟ್ಟಿದವಳು ಅವಳೇ.

"ತಿಂದ್ಯಾ?" ಎಂದರು ಮೇಸ್ತ್ರಿ ಮಗಳ ಮುಖ ನೋಡದೆ.

"ನೀವು?"

"ಹೂಂ."

ಅಷ್ಟೇ. ಎಷ್ಟೋ ತಿಂಗಳ ಮೇಲೆ ಆಡಿದ ಮಾತು. ಇನ್ಸ್‌ಪೆಕ್ಟರ್ ಕೂಡ ಒಂದು ಗಳಿಗೆ ಗಡಿಯಾರ ನೋಡುವುದನ್ನು ಮರೆತ.

ಪತ್ತೇದಾರಿಣಿ ಚೀಲದಿಂದ ಗಟ್ಟಿ ತೆಗೆದು ಕಟ್ಟೆಯ ಮೇಲಿಟ್ಟಳು.

"ಮೇಸ್ತ್ರಿಗಳೇ, ಇದು ಯಾರ ಎರಕ?"

ಮೇಸ್ತ್ರಿ ಬಗ್ಗಿದರು. ಗಟ್ಟಿಯ ಮೇಲ್ಮೈ ಕೆನೆ ಕಟ್ಟಿದ ಹಾಲಿನಂತೆ ಸಣ್ಣಗೆ ಸುಕ್ಕುಗಟ್ಟಿತ್ತು. ಮೂಲೆಯಲ್ಲಿ, ಹೊಯ್ಯುವುದು ಮುಗಿದ ಕಡೆ, ಕೊನೆಯ ಹನಿ ಪುಟ್ಟ ಬಾಲದಂತೆ ಹೊರಳಿ ನಿಂತಿತ್ತು. ಅವರು ಆ ಬಾಲವನ್ನು ಹೆಬ್ಬೆರಳಿನಿಂದ ಸವರಿದರು.

"ಅಪ್ಪ, ಬೇಡ!" ಕ್ರೇನಮ್ಮನ ದನಿ ಸೀಳಿ ಬಂತು. "ಏನೂ ಹೇಳ್ಬೇಡಿ. ವಕೀಲರು ಬರೋ ತನಕ ಒಂದು ಮಾತೂ ಬೇಡ!"

"ಹೇಳಿದ್ರೆ ನಿಮಗೇ ಒಳ್ಳೇದು ಮೇಸ್ತ್ರಿಗಳೇ," ಎಂದಳು ಪತ್ತೇದಾರಿಣಿ. "ಯಾರಿಗೋ ಮಾತು ಕೊಟ್ಟಿದ್ದೀರಿ, ಅದಕ್ಕೇ ಬಾಯಿ ಕಟ್ಕೊಂಡಿದ್ದೀರಿ. ಆ ಮಾತು ತಗೊಂಡವನು ಎಲ್ಲಿ? ಬದುಕಿದ್ರೆ ನಿಮ್ಮನ್ನ ಲಾಕಪ್ಪಲ್ಲಿ ಕೊಳೆಯೋಕೆ ಬಿಡ್ತಿದ್ನಾ?"

ಮೇಸ್ತ್ರಿ ಗಟ್ಟಿಯ ಮೇಲೆ ಅಂಗೈ ಊರಿದರು.

"ನನ್ನದೇ. ನನ್ನ ಕೈ ಎರಕ."

"ಮಾಡು ಅಂದಿದ್ದು ಯಾರು?"

"ಎಂಜಿನಿಯರಪ್ಪ."

ಇನ್ಸ್‌ಪೆಕ್ಟರ್ ಮುಂದಕ್ಕೆ ಹಾರಿ ಬಂದ. "ಏನಂದ್ರಿ? ಸತ್ತವನ ಮೇಲೆ ಹಾಕ್ತೀರಾ?"

"ಸತ್ತಿಲ್ಲ ಸಾರ್. ನಾನು ಕಡೇ ಸಲ ನೋಡಿದಾಗ ಬದುಕೇ ಇದ್ದ." ಕಟ್ಟೆ ಒಡೆದ ನೀರಿನಂತೆ ಈಗ ಮಾತು ನುಗ್ಗಿ ಬಂತು. "ಹೊಸ ತಗಡಿನ ಚೂರು ತಂದು ಕೊಟ್ಟ. ಮೇಸ್ತ್ರಿ, ಥೇಟು ಮೊದಲನೇ ಗಟ್ಟಿ ಹಾಗೇ ಇರೋದು ಒಂದು ಬೇಕು, ಅಸಲಿ ಗಟ್ಟಿಗೆ ಅಪಾಯ ಇದೆ ಅಂದ. ಕಾರ್ಖಾನೆ ಒಳಗೇ ಬೇಲಿ ಎದ್ದು ಹೊಲ ಮೇಯ್ತಿದೆ ಅಂದ. ಹಳೇ ಅಚ್ಚು, ಹಳೇ ಮುದ್ರೆ ಎಲ್ಲ ನನ್ನ ಹತ್ರಾನೇ ಇತ್ತು. ಹೊಯ್ದು ಕೊಟ್ಟೆ. ಪೆಟ್ಟಿಗೇಲಿ ಇದನ್ನ ಇಟ್ಟ, ಅಸಲಿನ ನನ್ನ ಕೈಗೆ ಕೊಟ್ಟ. ಯಾರೋ ಬೆನ್ನ ಹಿಂದೆ ಇದ್ದಾರೆ, ನಾನು ಸ್ವಲ್ಪ ದಿನ ಸತ್ತ ಹಾಗೆ ಇರಬೇಕು ಅಂದ. ಬೂದಿಗುಂಡಿಗೆ ಆ ಹೆಲ್ಮೆಟ್ಟು ಹಾಕಿದವನೂ ನಾನೇ."

"ನೀವೇ!"

"ಎರಡು ದಿನದಲ್ಲಿ ಹೊರಗಿನ ಪರೀಕ್ಷಕರನ್ನ ಕರ್ಕೊಂಡು ಬರ್ತೀನಿ ಅಂದಿದ್ದ. ಈ ಕುಲುಮೆನ ಒಡೆಯೋಕೆ ಬಿಡಲ್ಲ, ಜನ ಬಂದು ನೋಡೋ ಹಾಗೆ ಉಳಿಸ್ತೀನಿ ಅಂತಾನೂ ಮಾತು ಕೊಟ್ಟಿದ್ದ." ಮೇಸ್ತ್ರಿಯ ದನಿ ಇಳಿಯಿತು. "ಬರಲೇ ಇಲ್ಲ."

ಪತ್ತೇದಾರಿಣಿ ಅವರ ಪಕ್ಕಕ್ಕೆ ಬಂದು ನಿಂತಳು.

"ಅಸಲಿ ಗಟ್ಟಿ ಎಲ್ಲಿದೆ?"

ಮೇಸ್ತ್ರಿ ಕುಲುಮೆಯ ಪಕ್ಕಕ್ಕೆ ಹೋಗಿ, ಇಟ್ಟಿಗೆಗಳ ಮೇಲೆ ಕೈಯಾಡಿಸಿ, ಒಂದನ್ನು ಎಳೆದರು. ಅದು ಹಲ್ಲು ಕಿತ್ತಂತೆ ಈಚೆ ಬಂತು. ಒಳಗೆ ಕೈ ಹಾಕಿ ಗೋಣಿಯಲ್ಲಿ ಸುತ್ತಿದ್ದ ಭಾರದ ವಸ್ತುವನ್ನು ತೆಗೆದು, ಮಗುವನ್ನು ಮಲಗಿಸುವಂತೆ ಕಟ್ಟೆಯ ಮೇಲಿಟ್ಟರು.

ಅದೇ ಉದ್ದ, ಅದೇ ಅಗಲ, ನೆತ್ತಿಯ ಮೇಲೆ ಅದೇ ಮುದ್ರೆ.

"ಬೇಗ ಸಾಹೇಬ್ರೇ!"

ಪಾಯಿಂಟ್ ಸಾಹೇಬರು ಅರ ಎಳೆದರು. ಕಿಡಿ ಹಾರಿತು. ಈ ಸಲ ಪತ್ತೇದಾರಿಣಿ ಅವರ ಭುಜದ ಮೇಲಿಂದ ತಾನೇ ಬಗ್ಗಿ ಪರದೆ ನೋಡಿದಳು.

ನಾಲ್ಕು ಒಂಬತ್ತು.

"ಇದೂ ನಕಲಿನೇ," ಎಂದರು ಸಾಹೇಬರು. ಅವರ ಮುಖದಲ್ಲಿ ಮೂಡಿದ್ದು ನಿರಾಸೆಯೋ ನೆಮ್ಮದಿಯೋ ಹೇಳುವುದು ಕಷ್ಟವಿತ್ತು. ಆತುರಾತುರವಾಗಿ ತಂತಿ ಸುತ್ತಿದರು. "ನಾನು ಹೊರಡ್ತೀನಿ. ಉದ್ಘಾಟನೆಗೆ ನಾನಿಲ್ಲದಿದ್ರೆ ದೊಡ್ಡಮ್ಮ ಚರ್ಮ ಸುಲೀತಾರೆ." ಗಾಡಿ ಗಡಗಡ ಎನ್ನುತ್ತ ಬಾಗಿಲು ದಾಟಿತು.

"ಕತೆ ಕಟ್ಟೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಮೇಸ್ತ್ರಿ," ಎಂದ ಇನ್ಸ್‌ಪೆಕ್ಟರ್. "ಎರಡೂ ನೀವೇ ಹೊಯ್ದಿದ್ದು. ನಡೀರಿ ಜೀಪಿಗೆ."

"ಇಲ್ಲ ಸಾರ್." ಮೇಸ್ತ್ರಿ ಎರಡನೇ ಗಟ್ಟಿಯನ್ನು ಬೆಳಕಿಗೆ ತಿರುಗಿಸಿದ್ದರು. ಮೂಲೆಯ ಬಾಲವನ್ನು ಸವರಿದ ಹೆಬ್ಬೆರಳು ಅಲ್ಲೇ ನಿಂತುಬಿಟ್ಟಿತು. "ಇದು ನನ್ನ ಕೈಯಲ್ಲ."

"ಹಾಗಂತ ಹೇಗೆ ಹೇಳ್ತೀರಿ?" ಎಂದಳು ಪತ್ತೇದಾರಿಣಿ.

"ಹೊಯ್ದು ಮುಗಿಸುವಾಗ ಮಣಿಕಟ್ಟು ಹೀಗೆ ತಿರುಗಿಸ್ತೀನಿ. ನನ್ನದು ಒರಟು, ಬಾಲ ದಪ್ಪಗೆ ನಿಲ್ಲುತ್ತೆ. ಇದು ನೋಡಿ, ಎಷ್ಟು ನಯ. ಆದ್ರೆ ತಿರುಗಿಸಿರೋದು ನನ್ನ ಹಾಗೇ." ಅವರು ಗಟ್ಟಿಯನ್ನು ಕೆಳಗಿಟ್ಟರು. "ಇದನ್ನ ನಾನು ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಕಲಿಸಿಲ್ಲ."

"ಯಾರಿಗೆ?"

ಮೇಸ್ತ್ರಿ ನಿಧಾನವಾಗಿ ತಲೆಯೆತ್ತಿ ಮಗಳನ್ನು ನೋಡಿದರು.

ಕ್ರೇನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅಲುಗಲಿಲ್ಲ. ಓಡುವ ಯೋಚನೆಯಂತೂ ಅವಳ ಕಣ್ಣಲ್ಲಿ ಇರಲೇ ಇಲ್ಲ.

"ಹೌದಪ್ಪ. ಅದು ನಂದೇ."

ಇನ್ಸ್‌ಪೆಕ್ಟರ್ ಅವಳತ್ತ ತಿರುಗಿದ.

"ನೀನು ನನ್ನ ಹತ್ರ ಬಂದಿದ್ದು ಅಪ್ಪನ್ನ ಬಿಡಿಸಿ ಅಂತ," ಎಂದಳು ಪತ್ತೇದಾರಿಣಿ. ಸಿಟ್ಟಿನಿಂದ ಅವಳ ಮಾತು ತೊದಲುತ್ತಿತ್ತು. "ಅಸಲಿ ಗಟ್ಟಿ ನಿನ್ನ ಹತ್ರಾನೇ ಇಟ್ಕೊಂಡು!"

"ಅಪ್ಪನ್ನ ಬಿಡಿಸಿ ಅಂತ ನಾನು ಯಾವತ್ತು ಅಂದೆ ಮೇಡಂ? ಅಪ್ಪ ತಪ್ಪು ಮಾಡಿಲ್ಲ, ಕಳ್ಳನ್ನ ಹುಡುಕಿ ಅಂದೆ. ನೆನಪು ಮಾಡ್ಕೊಳ್ಳಿ."

ಪತ್ತೇದಾರಿಣಿ ನೆನಪು ಮಾಡಿಕೊಂಡಳು. ನಿಜ. ಹುಡುಗಿ ಅಂದದ್ದು ಅಷ್ಟೇ.

"ಕ್ರೇನು ಮೇಲೆ ಕೂತೋರಿಗೆ ಎಲ್ಲ ಕಾಣುತ್ತೆ," ಎಂದಳು ಅವಳು. "ಕೆಸರಿನ ಕೋಣೆಯಿಂದ ಒಬ್ರು ಬರೋದು ಹೋಗೋದು ಕಂಡೆ. ಬಿಳಿ ಕೋಟು, ಮುಖಕ್ಕೆ ಮುಸುಕು. ಯಾರು ಅಂತ ಗೊತ್ತಾಗ್ಲಿಲ್ಲ. ಒಂದ್ಸಲ ಈ ಶೆಡ್ಡಿಗೆ ಬಂದಾಗ ಇಟ್ಟಿಗೆ ಹಿಂದೆ ಅಪ್ಪ ಏನೋ ಬಚ್ಚಿಟ್ಟಿದ್ದನ್ನೂ ಕಂಡೆ. ಅದನ್ನ ಅವರೂ ಕಂಡಿದ್ರೆ? ತೆಗೆದು ಬೇರೆ ಕಡೆ ಇಟ್ಟೆ. ಜಾಗ ಖಾಲಿ ಇರಬಾರದು ಅಂತ ಹಾಲ್‌ನ ತಗಡಿಂದ, ಅಪ್ಪನ ಅಚ್ಚಲ್ಲೇ ಇದನ್ನ ಹೊಯ್ದು ಇಟ್ಟೆ."

"ಎಂಜಿನಿಯರ್?"

"ಬದುಕಿದ್ದಾರೆ. ಅಷ್ಟು ಮಾತ್ರ ಹೇಳ್ತೀನಿ."

"ಬದುಕಿದ್ದಾನೆ ಅಂತ ಗೊತ್ತಿದ್ದೂ ಅಪ್ಪನ್ನ ಲಾಕಪ್ಪಲ್ಲಿ ಬಿಟ್ಯಾ?" ಇನ್ಸ್‌ಪೆಕ್ಟರ್ ಗದರಿದ.

ಅವಳ ಕಣ್ಣಲ್ಲಿ ಮೊದಲ ಸಲ ನೀರು ಬಂತು.

"ಲಾಕಪ್ಪಲ್ಲಿದ್ರೇ ಅಪ್ಪ ಉಳಿಯೋದು ಅಂತ ಬಿಟ್ಟೆ ಸಾರ್! ಸುತ್ತ ಪೊಲೀಸರು, ಬಾಗಿಲಿಗೆ ಬೀಗ. ಅದಕ್ಕಿಂತ ಸುರಕ್ಷಿತ ಜಾಗ ನಮಗೆಲ್ಲಿದೆ? ಇವತ್ತು ನೀವು ಹೊರಗೆ ಕರ್ಕೊಂಡು ಬಂದ್ರಿ." ಅವಳು ಪತ್ತೇದಾರಿಣಿಯತ್ತ ತಿರುಗಿದಳು. "ನೀವು ಗಟ್ಟಿ ಹಿಡ್ಕೊಂಡು ಎಲ್ಲರ ಕಣ್ಣ ಮುಂದೆ, ಅಂಗಳದ ಮಧ್ಯೆ ಓಡಿ ಬಂದ್ರಿ."

ಮೇಸ್ತ್ರಿ ಎರಡು ಹೆಜ್ಜೆ ಇಟ್ಟು ಮಗಳ ತಲೆಯ ಮೇಲೆ ಕೈ ಇಟ್ಟರು. ಬಾಲದ ನಯ ಮೆಚ್ಚಿದವರಂತೆ ಗಟ್ಟಿಯನ್ನೇ ತೋರಿಸಿ ತಲೆಯಾಡಿಸಿದರು.

ಆಗಲೇ ಶೆಡ್ಡು ಕತ್ತಲಾಯಿತು.

ಕಬ್ಬಿಣದ ಜಾರುಬಾಗಿಲು ಹಳಿಯ ಮೇಲೆ ಗರಗರ ಸರಿದು ಧಡ್ ಎಂದು ಕೂಡಿಕೊಂಡಿತ್ತು. ಇನ್ಸ್‌ಪೆಕ್ಟರ್ ಓಡಿಹೋಗಿ ಗುದ್ದಿದ. "ಏಯ್! ಯಾರೋ ಅದು? ತೆಗಿ!" ಬಾಗಿಲು ಜಗ್ಗಲಿಲ್ಲ.

ಹೊರಗೆ, ಬಾಗಿಲಿಗೆ ಅಂಟಿದಂತೆ, ಮಾವನ ದನಿ ಕೇಳಿಸಿತು. ಬೆರಗಿನ ದನಿ, ಭಯ ಅದರಲ್ಲಿ ಚೂರೂ ಇರಲಿಲ್ಲ.

"ಅಯ್ಯೋ, ನೀವಾ? ನೀವ್ಯಾಕೆ ಬಾಗಿಲು—"

ಮಾತು ಅಲ್ಲಿಗೇ ತುಂಡಾಯಿತು. ಭಾರದ್ದೇನೋ ನೆಲಕ್ಕೆ ಬಿದ್ದ ಸದ್ದು. ಆಮೇಲೆ, ನಿಧಾನವಾಗಿ, ಚಿಲಕಕ್ಕೆ ಬೀಗ ಬಿದ್ದ ಸದ್ದು.

"ಮಾವ!" ಪತ್ತೇದಾರಿಣಿ ಎರಡೂ ಅಂಗೈಯಿಂದ ಕಬ್ಬಿಣವನ್ನು ಬಡಿದಳು. "ಮಾವ, ಯಾರದು? ಹೆಸರು ಹೇಳಿ ಮಾವ!"

ಅಂಗಳದಲ್ಲಿ ವಾದ್ಯ ಮೊಳಗಿತು. ಚಪ್ಪಾಳೆ ಎದ್ದಿತು. ಬಾಗಿಲಿನ ಆಚೆಯಿಂದ ಯಾವ ಉತ್ತರವೂ ಬರಲಿಲ್ಲ.